ಎರಡು ತಿರುಪುಗಳ ಹಿಡಿತ

ಹೆಸರಿನಲ್ಲಿ ಸಾಗರವಿದ್ದರೂ ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಬಯಲುಸೀಮೆಯ ಊರು. ಕೊಪ್ಪಳ ಜಿಲ್ಲೆಯಲ್ಲಿ ದೋಣಿ ಎಂದೊಡನೆ ನೆನಪಾಗುವುದು ತುಂಗಭದ್ರೆಯ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಕಂಡದ್ದೂ ಇಂಥದನ್ನೇ: ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ, ಬುಟ್ಟಿಯಂಥ ದುಂಡು ದೋಣಿ.

ಹರಿಗೋಲು ಇಂದಿಗೂ ಹುಟ್ಟನ್ನೇ ನೆಚ್ಚಿಕೊಂಡಿದೆ. ಅದಕ್ಕೊಂದು ಮೋಟಾರು ಕಟ್ಟಬಾರದೇ? ತೊಡಕು ಆಕಾರದಲ್ಲಿದೆ. ದುಂಡು ದೋಣಿಗೆ ಹಿಂದು ಮುಂದು ಎಂಬುದಿಲ್ಲ. ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ರೂಪಿಸಿದ ಮೋಟಾರಿನಿಂದ ಜನಪ್ರಿಯವಾದ, ಕಳಚಿ ಒಯ್ಯಬಹುದಾದ ಔಟ್‌ಬೋರ್ಡ್ ಮೋಟಾರಿಗೆ ದೋಣಿಯ ಹಿಂಬದಿಯಲ್ಲಿ ಗಟ್ಟಿಯಾದ ಅಡ್ಡಹಲಗೆ ಬೇಕು. ಕರಾವಳಿಯ ನಾಡದೋಣಿಗಳಲ್ಲಿ ಇಂಥ ಮೋಟಾರು ಸಾಮಾನ್ಯ.

ಮೋಟಾರಿನ ಫ್ಯಾನು ನೀರನ್ನು ಹಿಂದಕ್ಕೆ ತಳ್ಳುತ್ತದೆ. ಅದರಿಂದ ಹುಟ್ಟುವ ಮುನ್ನೂಕು ಬಲ ದೋಣಿಗೆ ತಲುಪುವುದು ಹಲಗೆಯನ್ನು ಕಚ್ಚಿದ ಕ್ಲ್ಯಾಂಪಿನ ಮೂಲಕವೇ. ಸಣ್ಣ ಮೋಟಾರಿನಲ್ಲಿ ಈ ಹಿಡಿತ ಸಾಮಾನ್ಯವಾಗಿ ಎರಡು ತಿರುಪುಗಳದ್ದು. ಎಂಜಿನ್ನಿನ ನಡುಕಕ್ಕೆ ಅವು ಸಡಿಲಗೊಳ್ಳುತ್ತವೆ. ಹಲಗೆ ಕೊಳೆತಿದ್ದರೆ ಎಷ್ಟು ಬಿಗಿದರೂ ಹಿಡಿತ ಸಿಗದು.

ಆದ್ದರಿಂದ ಮೋಟಾರನ್ನು ಹಲಗೆಯ ನಟ್ಟನಡುವೆ ಕೂರಿಸಿ, ಎರಡೂ ತಿರುಪುಗಳನ್ನು ಸಮನಾಗಿ ಕೈಯಿಂದ ಬಿಗಿಯಬೇಕು. ಹೊರಟ ಸ್ವಲ್ಪ ಹೊತ್ತಿಗೇ ಎಂಜಿನ್ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಮೋಟಾರಿನಿಂದ ದೋಣಿಯ ಗಟ್ಟಿ ಬಳೆಗೊಂದು ಸರಪಳಿ ಹಾಕಿದರೆ ಕಳಚಿದ ಮೋಟಾರು ನೀರುಪಾಲಾಗದು. ದೊಡ್ಡ ಮೋಟಾರಿಗೆ ಹಲಗೆಯನ್ನು ತೂರಿಹೋಗುವ ಬೋಲ್ಟುಗಳೇ ಬೇಕು.

ಮೋಟಾರು ಹೋದರೆ ನಷ್ಟ ಹಣದ್ದು. ತಿರುಗುತ್ತಿರುವ ಫ್ಯಾನು ದೋಣಿಯೊಳಕ್ಕೆ ಹೊರಳಿದರೆ ಅಪಾಯ ಜೀವಕ್ಕೆ. ಎಂಜಿನ್ ನಿಲ್ಲಿಸುವ ಹಗ್ಗವನ್ನು ನಡೆಸುವವನು ಮೈಗೆ ಕಟ್ಟಿಕೊಳ್ಳಬೇಕು.