ವರದೆಯ ದಂಡೆಯ ಹರಿಗೋಲು: ಒಡೆತನ, ಪಾಲನೆ ಮತ್ತು ಪಯಣ

ಕರ್ನಾಟಕದ ಜಲಸಾರಿಗೆಯ ಮಾತು ಬಂದಾಗ ಮೊದಲು ನೆನಪಾಗುವುದು ಕರಾವಳಿಯ ಹಾಯಿದೋಣಿಗಳು. ಒಳನಾಡಿನ ನದಿಗಳಿಗೆ ಹಾಯಿಯ ಅಗತ್ಯ ಬೀಳಲಿಲ್ಲ. ತುಂಗಭದ್ರೆ ಮತ್ತು ಅದರ ಉಪನದಿಗಳ ದಂಡೆಯ ಜನ ಶತಮಾನಗಳ ಕಾಲ ನೆಚ್ಚಿಕೊಂಡದ್ದು ಹಾಯಿಯಾಗಲಿ, ಚುಕ್ಕಾಣಿಯಾಗಲಿ, ಮೂತಿಯಾಗಲಿ ಇಲ್ಲದ ದುಂಡನೆಯ ಹರಿಗೋಲನ್ನು. ಇದನ್ನು ಹರಗೋಲು, ಹರುಗೋಲು ಎಂದೂ ಕರೆಯುವುದುಂಟು. ಆಡುಮಾತಿನಲ್ಲಿ ತೆಪ್ಪ ಎಂಬ ಹೆಸರೂ ಬಳಕೆಯಲ್ಲಿದೆ. ತಮಿಳಿನ ಪರಿಸಲ್ ಎಂಬ ಹೆಸರು ಇದರ ಸೋದರಪದ. ಹರಿಗೋಲನ್ನು ಒಂದು ವಸ್ತುವಾಗಿ ವರ್ಣಿಸಿದ ಬರಹಗಳು ಸಾಕಷ್ಟಿವೆ. ಆದರೆ ಅದನ್ನು ಇಟ್ಟುಕೊಳ್ಳುವುದು, ಕಾಪಾಡುವುದು, ನಡೆಸುವುದು ಎಂಬ ಮೂರು ಕೆಲಸಗಳನ್ನು ಒಂದೇ ಜ್ಞಾನವಾಗಿ ಕಂಡದ್ದು ಕಡಿಮೆ. ಹಾವೇರಿ ತಾಲ್ಲೂಕಿನ ಹೊಸರಿತ್ತಿ ಮತ್ತು ಅದರ ಆಸುಪಾಸಿನ ನದೀತೀರವನ್ನು ನೆಲೆಯಾಗಿಟ್ಟುಕೊಂಡು ಈ ಮೂರರ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನದಿ ಮತ್ತು ನೆಲೆ

ಹೊಸರಿತ್ತಿ ವರದಾ ನದಿಯ ದಂಡೆಯ ಊರು. 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವ ಮತ್ತು ಅವರ ಇಬ್ಬರು ಸಂಗಡಿಗರು ಹುತಾತ್ಮರಾದ ಸ್ಥಳವಾಗಿ ಇದು ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ನದಿಯೊಡನೆ ಬದುಕಿದ ಊರಾಗಿ ಇದಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿ, ಹಾವೇರಿ ಸೀಮೆಯಲ್ಲಿ ಹರಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆಯ ದಂಡೆಯಲ್ಲಿರುವ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಐಕ್ಯಸ್ಥಳವಿದೆ. ತನ್ನ ವೃತ್ತಿಯ ಹೆಸರನ್ನೇ ಅಂಕಿತವಾಗಿಸಿಕೊಂಡ ವಚನಕಾರನೊಬ್ಬ ಈ ಸೀಮೆಗೆ ಸೇರಿದವನೆಂಬುದು, ಇಲ್ಲಿ ಅಂಬಿಗ ವೃತ್ತಿಗೆ ಇರುವ ಹಳಮೆಯನ್ನೂ ಅದಕ್ಕಿದ್ದ ಆತ್ಮಗೌರವವನ್ನೂ ಸೂಚಿಸುತ್ತದೆ.

ವರದೆ ಮಳೆಯನ್ನು ನಂಬಿದ ಹೊಳೆ. ಮಳೆಗಾಲದಲ್ಲಿ ದಂಡೆ ಮೀರುವ ಅದು ಬೇಸಿಗೆಯಲ್ಲಿ ಮಡುಗಳಾಗಿ ಒಡೆದು ನಿಲ್ಲುತ್ತದೆ. ಹೀಗಾಗಿ ಇಲ್ಲಿನ ಹರಿಗೋಲಿಗೆ ವರ್ಷವಿಡೀ ಕೆಲಸವಿರುತ್ತಿರಲಿಲ್ಲ. ಅದು ನೀರಿನ ಮೇಲೆ ಕಳೆದಷ್ಟೇ ಕಾಲವನ್ನು ನೆಲದ ಮೇಲೂ ಕಳೆಯುತ್ತಿತ್ತು. ಪಾಲನೆಯ ವಿಧಾನಗಳೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿವೆ.

ರಚನೆ: ಮೂರು ಕಸುಬುಗಳ ಕೂಟ

ಹರಿಗೋಲಿನ ಎಲುಬು ಬಿದಿರು; ತೊಗಲು ಹಿಂದಿನ ಕಾಲದಲ್ಲಿ ದನ ಅಥವಾ ಎಮ್ಮೆಯ ಚರ್ಮ. ಬಿದಿರನ್ನು ಸೀಳಿ ದಬ್ಬೆಗಳನ್ನಾಗಿಸಿ, ನೆಲದ ಮೇಲೆ ಅಡ್ಡಡ್ಡಲಾಗಿ ಹೆಣೆದು ತಳವನ್ನು ಸಿದ್ಧಪಡಿಸುತ್ತಾರೆ. ಬಳಿಕ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ, ಬುಟ್ಟಿಯ ಬಾಯಿಗೆ ಕಂಕಣ ಕಟ್ಟುವಂತೆ, ಅಂಚಿಗೆ ದಬ್ಬೆಗಳ ಕಂತೆಯನ್ನು ಸುತ್ತಿ ಬಿಗಿಯುತ್ತಾರೆ. ಈ ಅಂಚೇ ಇಡೀ ರಚನೆಯ ಬಲ. ಹದಮಾಡಿದ ಚರ್ಮಗಳನ್ನು ಒಂದಕ್ಕೊಂದು ಹೊಲಿದು ಹೊರಮೈಗೆ ಬಿಗಿದರೆ ಹರಿಗೋಲು ಸಿದ್ಧ. ಬಿದಿರಿನ ಹೆಣಿಗೆ ಮೇದಾರರ ಕಸುಬು, ಚರ್ಮದ ಹೊಲಿಗೆ ಸಮಗಾರರ ಕಸುಬು, ನಡೆಸುವುದು ಅಂಬಿಗರ ಕಸುಬು. ಅನೇಕ ಕಡೆ ಅಂಬಿಗರೇ ಹೆಣಿಗೆಯನ್ನೂ ಕಲಿತಿದ್ದುಂಟು. ಹಾಗಿದ್ದರೂ ಬೇರೆ ಬೇರೆ ಸಮುದಾಯಗಳ ಕೈಕೆಲಸ ಒಂದಾಗದೆ ಹರಿಗೋಲು ನೀರಿಗಿಳಿಯುತ್ತಿರಲಿಲ್ಲ.

ಈ ರಚನೆಯ ವ್ಯಾಪ್ತಿ ಮತ್ತು ಪ್ರಾಚೀನತೆ ಗಮನಾರ್ಹವಾದುವು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಕಂಡ ಬುಟ್ಟಿಯಾಕಾರದ, ಚರ್ಮ ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ. ಅವು 15-20 ಜನರನ್ನು ಹೊರುತ್ತಿದ್ದವು, ನೇರವಾಗಿ ಸಾಗದೆ ಸದಾ ಸುತ್ತುತ್ತಿದ್ದವು ಎಂಬ ವಿವರಗಳು ಅಲ್ಲಿವೆ. 1800ರ ಜೂನ್‌ನಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಹರಿಹರದಲ್ಲಿ ಹೊಳೆ ದಾಟಿ ರಾಣೆಬೆನ್ನೂರಿನ ಕೋಟೆಯನ್ನು ಹಿಡಿದಾಗಲೂ ಇಂಥ ಬುಟ್ಟಿದೋಣಿಗಳೇ ನೆರವಾಗಿದ್ದವು. ಮೆಸೊಪೊಟೇಮಿಯಾದ ಕುಫ್ಫ, ವೇಲ್ಸ್ ನಾಡಿನ ಕೋರಕಲ್‌ಗಳು ಇದೇ ಕುಲದವು.

ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕೊಡುವ ಒಂದು ವಿವರ ಇಲ್ಲಿ ವಿಶೇಷವಾಗಿ ಉಪಯುಕ್ತ. ಬ್ಯಾಬಿಲೋನಿಗೆ ಸರಕು ತರುತ್ತಿದ್ದ ವರ್ತಕರು ದುಂಡುದೋಣಿಯ ಚೌಕಟ್ಟನ್ನು ಅಲ್ಲಿಯೇ ಮಾರಿ, ಚರ್ಮವನ್ನು ಮಾತ್ರ ಕತ್ತೆಗಳ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ಅವರಿಗೆ ದೋಣಿಯೆಂದರೆ ಉಳಿಸಿಕೊಳ್ಳಬೇಕಾದ ಚರ್ಮ. ತುಂಗಭದ್ರೆಯ ಬಯಲಿನಲ್ಲಿ ಎರಡೂ ಅಳಿಯುವಂಥವು. ಹೆಣಿಗೆ ಸಡಿಲವಾದರೆ ಹೊಸ ದಬ್ಬೆ, ಚರ್ಮ ಕೊಳೆತರೆ ಹೊಸ ಚರ್ಮ. ಹಳೆಯ ಹರಿಗೋಲೆಂದರೆ ಹಲವು ಬಾರಿ ಹೊಸದಾದ ಹರಿಗೋಲೇ. ಅದರಲ್ಲಿ ಬಹುಕಾಲ ಉಳಿಯುತ್ತಿದ್ದುದು ರಿಪೇರಿ ಮಾಡಬಲ್ಲ ಕೈಯ ತಿಳಿವಳಿಕೆ ಮಾತ್ರ.

ಪಾಲನೆಯ ಕ್ರಮ

ಹರಿಗೋಲು ನೀರಿನಲ್ಲಿ ಹಾಳಾಗುವುದಕ್ಕಿಂತ ಹೆಚ್ಚಾಗಿ ದಡದಲ್ಲಿ ಹಾಳಾಗುತ್ತದೆ. ಸದಾ ನೀರಲ್ಲಿ ಬಿಟ್ಟ ಚರ್ಮ ಉಬ್ಬಿ ಕೊಳೆಯುತ್ತದೆ. ಬಿರುಬಿಸಿಲಿಗೆ ಒಡ್ಡಿದ ಚರ್ಮ ಸೆಟೆದು ಬಿರಿಯುತ್ತದೆ. ಆದ್ದರಿಂದ ದಿನದ ಕೆಲಸ ಮುಗಿದ ಕೂಡಲೇ ಅದನ್ನು ಮೇಲೆತ್ತಿ, ಮರದ ನೆರಳಿನಲ್ಲಿ ಬೋರಲು ಹಾಕಿ ಒಣಗಿಸುವುದು ಮೊದಲ ನಿಯಮ. ಎರಡನೆಯದು, ಅದನ್ನು ಉಸುಕಿನ ಮೇಲೆ ಎಳೆಯದೆ ಎತ್ತಿಯೇ ಒಯ್ಯುವುದು. ತಳ ಸವೆಯುವುದು ಬಂಡೆಗಿಂತ ಹೆಚ್ಚಾಗಿ ಉಸುಕಿನಿಂದ. ಚಿಕ್ಕ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಮಗುಚಿ ಹೊತ್ತು ನಡೆಯಬಹುದು. ಹಾಗೆ ಹೊತ್ತಾಗ ಒಳಗಿನಿಂದ ಬೆಳಕು ಕಾಣುವ ತೂತುಗಳು ತಾವಾಗಿಯೇ ಗೋಚರಿಸುತ್ತವೆ.

ಬೇಸಿಗೆಯ ಬಿಡುವಿನಲ್ಲಿ ಶತ್ರುಗಳು ಬೇರೆ: ಗೆದ್ದಲು, ಇಲಿ ಮತ್ತು ಕುಟ್ಟೆಹುಳು. ಇದಕ್ಕಾಗಿ ಹರಿಗೋಲನ್ನು ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಕವುಚಿಡುತ್ತಾರೆ. ಬಿದಿರನ್ನು ಹುಣ್ಣಿಮೆಯ ಹೊತ್ತಿನಲ್ಲಿ ಕಡಿಯಬಾರದು, ಕಡಿದರೆ ಕುಟ್ಟೆ ಹಿಡಿಯುತ್ತದೆ ಎಂಬ ನಂಬಿಕೆ ಕರ್ನಾಟಕದ ಹಲವೆಡೆ ಇದೆ. ಬಿದಿರಿನಲ್ಲಿರುವ ಪಿಷ್ಟವೇ ಹುಳುವಿನ ಆಹಾರವಾದುದರಿಂದ, ಕಡಿಯುವ ಕಾಲದ ಬಗೆಗಿನ ಇಂಥ ಎಚ್ಚರವನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕಲಾಗದು. ರೋಹಿಣಿ, ಮೃಗಶಿರಾ ಮಳೆಗಳ ಹೊತ್ತಿಗೆ ಹೆಣಿಗೆಯನ್ನು ಬಿಗಿಮಾಡಿ, ತೇಪೆ ಹಾಕಿ, ಪೂಜೆ ಸಲ್ಲಿಸಿ ಹೊಳೆಗೆ ಇಳಿಸಿದರೆ ಆ ವರ್ಷದ ಪಾಲನೆಯ ಚಕ್ರ ಪೂರ್ಣವಾಗುತ್ತದೆ. ಗಂಗೆಯನ್ನು ಕುಲದೈವವಾಗಿ ಕಾಣುವ ಗಂಗಾಮತಸ್ಥರಿಗೆ ಈ ಪೂಜೆ ರಿಪೇರಿಯ ಕೊನೆಯ ಹಂತವೂ ಹೌದು. ಪೂಜೆಗೆ ತಕ್ಕದ್ದೆಂದು ಒಪ್ಪಿದ ಹರಿಗೋಲು ಜನರನ್ನು ಹೊರಲೂ ತಕ್ಕದ್ದು.

ನಡೆಸುವ ವಿದ್ಯೆ

ತಳ ಚಪ್ಪಟೆಯಾದ್ದರಿಂದ ಹರಿಗೋಲು ಮೊಳಕಾಲುದ್ದದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಾಗುತ್ತದೆ. ಆದರೆ ದಿಕ್ಕು ಹಿಡಿಯುವ ಗುಣ ಅದಕ್ಕೆ ಸಹಜವಾಗಿಲ್ಲ. ಅಂಬಿಗ ಮುಂಭಾಗದಲ್ಲಿ ಕುಳಿತು ಹುಟ್ಟಿನಿಂದ ನೀರನ್ನು ತನ್ನತ್ತ ಸೆಳೆದುಕೊಂಡು ಹರಿಗೋಲನ್ನು ಮುನ್ನಡೆಸುತ್ತಾನೆ. ಹುಟ್ಟಿನ ಅಲಗನ್ನು ಎಡಬಲಕ್ಕೆ ಹೊರಳಿಸಿ ಸುತ್ತುವಿಕೆಯನ್ನು ಹತೋಟಿಯಲ್ಲಿಡುತ್ತಾನೆ. ಸೇರಬೇಕಾದ ಜಾಗದ ನೇರಕ್ಕೆ ಎಂದೂ ಹೊರಡುವುದಿಲ್ಲ. ದಡದ ಗುಂಟ ಮೇಲಕ್ಕೆ ಹೋಗಿ, ಅಲ್ಲಿಂದ ಸೆಳವಿಗೆ ಓರೆಯಾಗಿ ಬಿಟ್ಟರೆ ಹೊಳೆಯೇ ಅರ್ಧ ಕೆಲಸ ಮಾಡುತ್ತದೆ. ಎಷ್ಟು ಮೇಲಿನಿಂದ ಹೊರಡಬೇಕೆಂಬುದು ಆ ದಿನದ ನೀರಿನ ಬಣ್ಣ, ತೇಲಿ ಬರುವ ಕಸಕಡ್ಡಿ, ಸುಳಿಗಳ ಜಾಗ ಇವನ್ನು ನೋಡಿ ತೀರ್ಮಾನವಾಗುವ ವಿಷಯ. ಭಾರವನ್ನು ನಡುವಿಗೆ ಇಡುವುದು, ಜನರನ್ನು ಎದ್ದು ನಿಲ್ಲಗೊಡದಿರುವುದು, ದನಗಳನ್ನು ಹಗ್ಗ ಹಿಡಿದು ಪಕ್ಕದಲ್ಲಿ ಈಜಿಸುವುದು, ನೀರು ಕೆಟ್ಟದ್ದೆನಿಸಿದರೆ ಹೊರಡಲು ಒಪ್ಪದಿರುವುದು, ಇವೆಲ್ಲ ಈ ವಿದ್ಯೆಯ ಅಂಗಗಳು. ಬೇಡವೆನ್ನುವ ಅಧಿಕಾರ ಅಂಬಿಗನಿಗೆ ಇದ್ದುದರಿಂದಲೇ ಅವನ ಮಾತಿಗೆ ಊರು ಬೆಲೆ ಕೊಡುತ್ತಿತ್ತು.

ಒಡೆತನದ ಸ್ವರೂಪ

ಹರಿಗೋಲು ಅಂಬಿಗನ ಸ್ವತ್ತಾಗಿದ್ದರೂ ಅದರ ಸೇವೆ ಊರಿನ ಹಕ್ಕಾಗಿತ್ತು. ಆಯದ ಪದ್ಧತಿಯಿದ್ದ ಕಡೆಗಳಲ್ಲಿ ಊರವರು ಪ್ರತಿ ಬಾರಿಯೂ ಹಣ ತೆರದೆ, ಸುಗ್ಗಿಯಲ್ಲಿ ಕಣದಿಂದ ಕಾಳು ಅಳೆದು ಕೊಡುತ್ತಿದ್ದರು. ದಾರಿಹೋಕರು ಮಾತ್ರ ಕಾಸು ಕೊಟ್ಟು ದಾಟುತ್ತಿದ್ದರು. ಮಳೆಗಾಲದ ದುಡಿಮೆಗೆ ಸುಗ್ಗಿಯಲ್ಲಿ ಕೂಲಿ ಸಿಗುವ ಈ ವ್ಯವಸ್ಥೆ ನಂಬಿಕೆಯ ಮೇಲೆ ನಿಂತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗನ್ನು ಮರೆಯುವವರನ್ನು ಕುರಿತ ಕನ್ನಡದ ಪ್ರಸಿದ್ಧ ಗಾದೆಯನ್ನು ಈ ಹಿನ್ನೆಲೆಯಲ್ಲಿ ಓದಿದರೆ, ಅದು ಕೃತಘ್ನತೆಯ ಸಾಮಾನ್ಯ ನಿಂದೆಗಿಂತ ಹೆಚ್ಚಾಗಿ, ಬಾಕಿ ಉಳಿದ ಕೂಲಿಯ ನೆನಪಾಗಿಯೂ ಕಾಣುತ್ತದೆ.

ಈ ಸೀಮೆ ಧಾರವಾಡ ಜಿಲ್ಲೆಯ ಭಾಗವಾಗಿ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. 1868ರ ಮುಂಬಯಿ ದೋಣಿ ಸಾರಿಗೆಯ ಕಾಯಿದೆ, ಹೊಳೆ ದಾಟುವ ಸ್ಥಳಗಳನ್ನು ಸಾರ್ವಜನಿಕವೆಂದು ಘೋಷಿಸಿ ಸುಂಕದ ಹಕ್ಕನ್ನು ಗುತ್ತಿಗೆಗೆ ಕೊಡಲು ಸರ್ಕಾರಕ್ಕೆ ಅವಕಾಶ ಮಾಡಿಕೊಟ್ಟಿತು. ಇಂಥ ಕಡೆಗಳಲ್ಲಿ ಹರಿಗೋಲಿನ ಒಡೆತನ ಒಬ್ಬರದು, ದಾಟಿಸುವ ಹಕ್ಕು ಇನ್ನೊಬ್ಬರದು ಎಂಬ ಸ್ಥಿತಿಗೆ ದಾರಿಯಾಯಿತು. ಪಾಲನೆಯ ಹೊಣೆ ಮಾತ್ರ ಹುಟ್ಟು ಹಿಡಿದವನ ಪಾಲಿಗೇ ಉಳಿಯಿತು.

ಬದಲಾವಣೆ ಮತ್ತು ದಾಖಲಾತಿಯ ಪ್ರಶ್ನೆ

ಚರ್ಮದ ಜಾಗಕ್ಕೆ ಮೊದಲು ಡಾಂಬರು ಬಳಿದ ಬಟ್ಟೆ, ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆಗಳು ಬಂದವು. ಬಳಿಕ ಫೈಬರ್ ದೋಣಿ ಬಂದಿತು. ಪ್ಲಾಸ್ಟಿಕ್ ಅಗ್ಗ, ಹಗುರ, ಚರ್ಮದಂತೆ ಕೊಳೆಯದು. ಆದರೆ ಅದರ ಮರೆಯಲ್ಲಿ ನೀರು ನಿಂತು ಬಿದಿರು ಮುಗ್ಗುವುದು ಹೊರಗೆ ಕಾಣದು. ಫೈಬರಿಗೆ ಒಣಗಿಸುವ ಕೆಲಸವಿಲ್ಲ. ಸೀಳಿದರೆ ಮಾತ್ರ ಊರಿನ ಸಾಮಗ್ರಿಯಿಂದ ತೇಪೆ ಹಾಕಲಾಗದು. ಸೇತುವೆಗಳು ಬಂದಂತೆ ದಾಟಿಸುವ ಕೆಲಸ ಕುಗ್ಗಿತು. ಮೀನುಗಾರಿಕೆಯಲ್ಲಿ, ನೆರೆಯ ಸಮಯದ ರಕ್ಷಣೆಯಲ್ಲಿ ತೆಪ್ಪದ ಬಳಕೆ ಉಳಿಯಿತು. ತುಂಗಭದ್ರೆಯಲ್ಲಿ ಮರಳು ತೆಗೆಯುವ ಕೆಲಸಕ್ಕೂ ಅದನ್ನು ಬಳಸಿದ್ದುಂಟು. 2009 ಮತ್ತು 2019ರ ನೆರೆಗಳು ನದಿಯನ್ನು ಓದಬಲ್ಲವರ ಅಗತ್ಯ ಮುಗಿದಿಲ್ಲವೆಂಬುದನ್ನು ನೆನಪಿಸಿದವು. ಯಾಂತ್ರಿಕ ದೋಣಿಯನ್ನು ಹೊರಗಿನಿಂದ ತರಿಸಬಹುದು. ಆ ಹೊಳೆಯ ಸುಳಿಗಳ ಪರಿಚಯವನ್ನು ತರಿಸಲಾಗದು.

ಸಂಗ್ರಹಾಲಯದಲ್ಲಿಟ್ಟ ಹರಿಗೋಲು ಈ ಜ್ಞಾನದ ಒಂದು ಪಾಲನ್ನು ಮಾತ್ರ ಕಾಪಾಡುತ್ತದೆ. ಅದನ್ನು ಇನ್ನು ಯಾರೂ ಬೋರಲು ಹಾಕಿ ಒಣಗಿಸುವುದಿಲ್ಲ, ತೇಪೆ ಹಾಕುವುದಿಲ್ಲ. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಗಿರುವುದರಿಂದ ಈ ನದೀತೀರದ ಅಧ್ಯಯನಕ್ಕೆ ನೆಲೆ ಹತ್ತಿರದಲ್ಲೇ ಇದೆ. ಹರಿಗೋಲಿನ ಅಂಗಾಂಗಗಳ ಸ್ಥಳೀಯ ಹೆಸರುಗಳು, ವರ್ಷದ ಪಾಲನೆಯ ಕ್ರಮ, ನೀರನ್ನು ಗುರುತಿಸುವ ಚಿಹ್ನೆಗಳು, ಆಯದ ಲೆಕ್ಕಾಚಾರಗಳು, ಮೇದಾರ ಮತ್ತು ಸಮಗಾರರ ಕೈಕೆಲಸದ ವಿವರಗಳು ಒಟ್ಟಾಗಿ ದಾಖಲಾಗಬೇಕು. ಚರ್ಮದ ಹರಿಗೋಲನ್ನು ಕಂಡವರ, ಅದಕ್ಕೆ ತೇಪೆ ಹಾಕಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವಾಗ, ಮೊದಲು ಬರೆದಿಡಬೇಕಾದುದು ಅದರ ಅಳತೆಗಿಂತ ಅದನ್ನು ಉಳಿಸಿಕೊಂಡು ಬಂದ ರೀತಿಯನ್ನು.