ಸ್ಥಿರಾಂಕಕ್ಕೊಂದು ಮನೆ

ಬೇರೆ ಬೇರೆ ಭಾಷೆಗಳಲ್ಲಿ ಬರೆದ ಕಂಪ್ಯೂಟರ್ ಪ್ರೋಗ್ರಾಂಗಳು ಒಂದರೊಡನೊಂದು ವ್ಯವಹರಿಸಬೇಕಾದರೆ ಎರಡಕ್ಕೂ ಒಪ್ಪಿಗೆಯಾದ ಕರಾರುಪತ್ರ ಬೇಕು. 1991ರಲ್ಲಿ ಹೊರಬಂದ ಕೋರ್ಬಾ ಪದ್ಧತಿಯಲ್ಲಿ ಈ ಪತ್ರವನ್ನು ಬರೆಯುವ ಭಾಷೆಗೆ ಐ.ಡಿ.ಎಲ್. ಎಂದು ಹೆಸರು. ಬದಲಾಗದ ಬೆಲೆಗಳನ್ನು, ಅಂದರೆ ಸ್ಥಿರಾಂಕಗಳನ್ನು, ಅದರಲ್ಲಿಯೇ ನಮೂದಿಸಬಹುದು. ಸಂಬಳದ ಪಟ್ಟಿಯೊಂದಕ್ಕೆ ಹೆಚ್ಚೆಂದರೆ 50 ಹೆಸರು ಎಂದಿಟ್ಟುಕೊಳ್ಳೋಣ.

ಇದನ್ನು ಸಿ ಪ್ಲಸ್ ಪ್ಲಸ್‌ಗೆ ತರುವುದು ಸುಲಭ. ಅಲ್ಲಿ ಸ್ಥಿರಾಂಕವು ಕ್ಲಾಸಿನ ಹೊರಗೂ ನಿಲ್ಲಬಲ್ಲದು. ಜಾವಾದಲ್ಲಿ ಹಾಗಲ್ಲ. ಯಾವ ಸ್ಥಿರಾಂಕವೇ ಆಗಲಿ ಒಂದು ಕ್ಲಾಸಿನ ಅಥವಾ ಇಂಟರ್‌ಫೇಸಿನ ಮನೆಯೊಳಗೇ ಇರತಕ್ಕದ್ದು. ಐ.ಡಿ.ಎಲ್. ಇಂಟರ್‌ಫೇಸಿನ ಒಳಗೆ ಹೇಳಿದ ಸ್ಥಿರಾಂಕಕ್ಕೆ ಆ ಮನೆ ಇದ್ದೇ ಇದೆ. ಹೊರಗಿನದಕ್ಕೆ ಏನು ಗತಿ? ಅದರ ಹೆಸರಿನಲ್ಲಿಯೇ ಹೊಸ ಇಂಟರ್‌ಫೇಸೊಂದನ್ನು ಕಟ್ಟಿ, ಒಳಗೆ 'ವ್ಯಾಲ್ಯೂ' ಎಂಬ ಹೆಸರಿನಿಂದ ಬೆಲೆಯನ್ನು ಇಡುತ್ತಾರೆ. ಒಂದು ಅಂಕಿಗೆ ಇಡೀ ಒಂದು ಮನೆ! ಮುಂಬಯಿಯ ಚಾಳಿನಲ್ಲಿ ಬಾಳಿದವರಿಗೆ ಇದು ದುಂದೆನಿಸೀತು.

ಎಚ್ಚರಿಕೆ ಬೇಕಾದುದು ಇನ್ನೊಂದು ಕಡೆ. ಇಂಥ ಬೆಲೆಯನ್ನು ಬಳಸುವಲ್ಲೆಲ್ಲ ಜಾವಾ ಕಂಪೈಲರು ಅಂಕಿಯನ್ನೇ ನಕಲು ಮಾಡಿಬಿಡುತ್ತದೆ. ನಾಳೆ ಕರಾರಿನಲ್ಲಿ 50ನ್ನು 80 ಮಾಡಿ, ಅದೊಂದನ್ನೇ ಪುನಃ ಕಂಪೈಲ್ ಮಾಡಿದರೆ, ಬಳಸುವ ಪ್ರೋಗ್ರಾಂ 50ನ್ನೇ ಹಿಡಿದು ಕುಳಿತಿರುತ್ತದೆ. ತಪ್ಪೆಂಬ ಸೂಚನೆಯೂ ಬರುವುದಿಲ್ಲ. 51ನೆಯವನ ಸಂಬಳ ತಪ್ಪಿದಾಗ ಬೈಗುಳ ಮಾತ್ರ ಗುಮಾಸ್ತನಿಗೆ. ಆದುದರಿಂದ ಸ್ಥಿರಾಂಕವನ್ನು ತಿದ್ದಿದಾಗ ಅದನ್ನು ಬಳಸುವ ಎಲ್ಲವನ್ನೂ ಪುನಃ ಕಂಪೈಲ್ ಮಾಡಬೇಕು. ಬದಲಾಗುವ ಸಂಭವವಿರುವ ಅಂಕಿಯನ್ನು ಸ್ಥಿರಾಂಕವಾಗಿ ಬರೆಯದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. 2018ರ ಜಾವಾ 11ರಲ್ಲಿ ಕೋರ್ಬಾವನ್ನು ತೆಗೆದುಹಾಕಿದರು. ನಕಲು ಮಾಡುವ ಈ ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ.