ಮುತ್ಯಾನ ಮರೆವು, ನನ್ನ ತಾಟು

ಹೋದ ವರ್ಷದ ತೊಗರಿ ರಾಶಿಯ ದಿನಗಳು. ಶನಿವಾರ ಕಾಲೇಜು ಮುಗಿಸಿ ಕಲಬುರಗಿಯಿಂದ ಬಸ್ ಹಿಡಿದು ಕೊಡ್ಲಿಯಲ್ಲಿ ಇಳಿದಾಗ ಕತ್ತಲಾಗಿತ್ತು. ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದ. ‘ಬಂದಿ ತಮ್ಮಾ? ಪರೀಕ್ಷಾ ಯಾವಾಗ ಅದ?’ ಎಂದು ಕೇಳಿದ. ಹೇಳಿದೆ. ಕೈಕಾಲು ತೊಳೆದು ಹೊರಗೆ ಬಂದರೆ ಮತ್ತೆ ಅದೇ ಪ್ರಶ್ನೆ. ಊಟಕ್ಕೆ ಕುಳಿತಾಗ ಮೂರನೇ ಸಲ. ತಂಗಿ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ‘ಇರ್ಲಿ ಬಿಡ್ರಿ, ವಯಸ್ಸಾಗ್ಯಾದ. ಅರವತ್ತಕ್ಕೇ ಅರಳು ಮರಳು ಅಂತಾರ, ಅವನಿಗಿ ಎಪ್ಪತ್ತೆರಡು’ ಎಂದ ಅಪ್ಪ.

ಮುಂದಿನ ವಾರ ಹೊಲಕ್ಕೆ ಹೋದ ಮುತ್ಯಾ ಹೊತ್ತು ಮುಳುಗಿದರೂ ಮನೆಗೆ ಬರಲಿಲ್ಲ. ಐವತ್ತು ವರ್ಷ ನಡೆದ ದಾರಿ ಅದು. ಕೊನೆಗೆ ಪಕ್ಕದ ಹೊಲದವರು ಹಳ್ಳದ ದಂಡೆಯಲ್ಲಿ ಕುಳಿತಿದ್ದವನನ್ನು ಕರೆತಂದರು. ‘ದಾರಿ ತಪ್ಪಿತು’ ಎಂದು ಅವನು ಒಪ್ಪಲಿಲ್ಲ. ‘ಸುಮ್ಮನ ಕುಂತಿದ್ದೆ’ ಎಂದ. ಆದರೆ ಆ ರಾತ್ರಿ ಯಾರ ಮುಖವನ್ನೂ ನೋಡದೆ ಮಲಗಿದ. ನಾವು ಯಾರೂ ನಗಲಿಲ್ಲ.

ಊರಿನ ಆಶಾ ಕಾರ್ಯಕರ್ತೆ ಒತ್ತಾಯ ಮಾಡಿದ ಮೇಲೆ ಅವನನ್ನು ಕಲಬುರಗಿಗೆ ಕರೆದುಕೊಂಡು ಹೋದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆಗೆ ನನ್ನ ಬಳಿ ಉತ್ತರವೇ ಇರಲಿಲ್ಲ. ‘ಇವರು ಮುಂಜಾನೆಯಿಂದ ರಾತ್ರಿತನಕ ಏನು ಉಣ್ಣುತ್ತಾರೆ?’

ಅವ್ವ ನೆನಪಿಸಿಕೊಂಡು ಹೇಳುತ್ತಾ ಹೋದಳು. ಹಲ್ಲು ಹೋದ ಮೇಲೆ ರೊಟ್ಟಿ ಬಿಟ್ಟಿದ್ದಾನೆ. ಆಯಿ ತೀರಿಕೊಂಡ ಮೇಲೆ ಒಬ್ಬನೇ ಉಣ್ಣುತ್ತಾನೆ. ಎಮ್ಮೆ ಮಾರಿದ ಮೇಲೆ ಹಾಲು ಚಹಾಕ್ಕೆ ಮಾತ್ರ. ಮುಂಜಾನೆ ಚಹಾ ಖಾರಿ, ಮಧ್ಯಾಹ್ನ ಬಿಳಿ ಅನ್ನ ತಿಳಿಸಾರು, ಬಾಯಿರುಚಿಗೆ ಉಪ್ಪಿನಕಾಯಿ, ಸಂಜೆ ಮತ್ತೆ ಚಹಾ ಬಿಸ್ಕೀಟ್. ಕೇಳುತ್ತಾ ನಿಂತ ನನಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ಪ್ರತಿ ಶನಿವಾರ ಬೇಕರಿಯಿಂದ ಆ ಖಾರಿ, ಆ ಬಿಸ್ಕೀಟ್ ತಂದು ‘ಮುತ್ಯಾ, ನಿನಗ’ ಎಂದು ಪ್ರೀತಿಯಿಂದ ಕೊಡುತ್ತಿದ್ದವನು ನಾನೇ.

ಪರೀಕ್ಷೆಯ ಫಲಿತಾಂಶ ಬಂತು. ರಕ್ತದೊತ್ತಡ ಜಾಸ್ತಿ, ಸಕ್ಕರೆ ಅಂಚಿನಲ್ಲಿ, ಬಿ-12 ವಿಟಮಿನ್ ತೀರಾ ಕಡಿಮೆ. ‘ಮರೆವಿಗೆಲ್ಲ ಒಂದೇ ಕಾರಣ ಇರುವುದಿಲ್ಲ. ಬಿ-12 ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವನ್ನು ಸರಿಪಡಿಸಬಹುದು. ಮೊದಲು ಅದನ್ನು ನೋಡೋಣ’ ಎಂದರು ವೈದ್ಯರು. ‘ಅರಳು ಮರಳು’ ಎಂಬ ಎರಡು ಪದ ಹೇಳಿ ನಾವು ಮುಚ್ಚಿಹಾಕಿದ್ದ ವಿಷಯಕ್ಕೆ ಇಷ್ಟೊಂದು ಕಾರಣಗಳಿದ್ದವು.

ಕೆಂಪು ಕಲೆ ಕಾಣುವ ಮೊದಲು

ಅಂದಿನಿಂದ ಈ ವಿಷಯ ಓದತೊಡಗಿದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಅಂದರೆ ಇದು ನಮ್ಮಂಥ ಊರುಗಳ ಕಾಯಿಲೆಯೂ ಹೌದು.

ನಮ್ಮ ರಾಜ್ಯದಲ್ಲೇ ಇದರ ದೊಡ್ಡ ಅಧ್ಯಯನವೊಂದು ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದ್ದಾರೆ. ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಮೆದುಳಿನ ಸ್ಕ್ಯಾನ್ ಎಲ್ಲವೂ ಅದರಲ್ಲಿವೆ. ಅವರು ಆರಿಸಿಕೊಂಡವರ ವಯಸ್ಸು 45ರಿಂದ ಶುರುವಾಗುತ್ತದೆ. 70 ಅಲ್ಲ, 45! ಯಾಕೆಂದರೆ ಅಲ್ಝೈಮರ್ಸ್ ಕಾಯಿಲೆಯಲ್ಲಿ ಮರೆವು ಹೊರಗೆ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನೊಳಗೆ ಬದಲಾವಣೆ ಶುರುವಾಗಿರುತ್ತದೆ.

ನಾನು ಮೆಕ್ಯಾನಿಕಲ್ ವಿಭಾಗದವನು. ನಮ್ಮ ಭಾಗದಲ್ಲಿ ಸೇಡಂ, ವಾಡಿ ಎಂದರೆ ಸಿಮೆಂಟ್. ಕಾರ್ಖಾನೆಯೊಂದನ್ನು ನೋಡಲು ಹೋದಾಗ ಕಿಲ್ನ್ ಎಂದು ಕರೆಯುವ ಸುತ್ತುವ ಕುಲುಮೆಯನ್ನು ತೋರಿಸಿದ್ದರು. ಒಳಗೆ 1,400 ಡಿಗ್ರಿ ದಾಟಿದ ಶಾಖ. ಉಕ್ಕಿನ ಚಿಪ್ಪನ್ನು ಕಾಯುವುದು ಒಳಗೆ ಜೋಡಿಸಿದ ಇಟ್ಟಿಗೆಯ ಪದರ. ಆ ಇಟ್ಟಿಗೆ ದಿನಾ ಸವೆಯುತ್ತಿದ್ದರೂ ಹೊರಗೆ ಕಾಣುವುದಿಲ್ಲ. ಚಿಪ್ಪಿನ ಮೇಲೆ ಕೆಂಪು ಕಲೆ ಕಂಡ ದಿನ ತಡವಾಗಿರುತ್ತದೆ. ಮುತ್ಯಾ ಹಳ್ಳದ ದಂಡೆಯಲ್ಲಿ ಕುಳಿತ ದಿನ ನಮಗೆ ಕಂಡದ್ದು ಆ ಕೆಂಪು ಕಲೆ. ಸವೆತ ಎಂದೋ ಶುರುವಾಗಿತ್ತು.

ತಟ್ಟೆಗೂ ತಲೆಗೂ ಏನು ಸಂಬಂಧ?

ಮೆದುಳಿನ ತೂಕ ದೇಹದ ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಆ ಶಕ್ತಿ, ಆಮ್ಲಜನಕ ಎರಡೂ ಹೋಗುವುದು ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಮೂಲಕ. ಹೆಚ್ಚಿದ ರಕ್ತದೊತ್ತಡ, ಸಕ್ಕರೆ, ಕೆಟ್ಟ ಕೊಬ್ಬು ಮೊದಲು ಹಾಳು ಮಾಡುವುದು ಇಂಥ ಸಣ್ಣ ನಾಳಗಳನ್ನೇ.

‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಕಾರಣಗಳ ಪಟ್ಟಿ ಕೊಟ್ಟಿತು. ಅವನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅವರ ಲೆಕ್ಕ. ಆ ಪಟ್ಟಿಯಲ್ಲಿ ‘ಊಟ’ ಎಂಬ ಹೆಸರೇ ಇಲ್ಲ. ಆದರೆ ರಕ್ತದೊತ್ತಡ, ಮಧುಮೇಹ, ಬೊಜ್ಜು, ಕೊಲೆಸ್ಟ್ರಾಲ್ ಇವೆ. ಈ ನಾಲ್ಕರ ದಾರಿಯೂ ನಮ್ಮ ತಾಟಿನ ಮೇಲಿಂದಲೇ ಹೋಗುತ್ತದೆ. ಕಿವಿ ಕೇಳದಿರುವುದು, ಕಣ್ಣು ಮಂದವಾಗುವುದು, ಧೂಮಪಾನ, ಅತಿಯಾದ ಕುಡಿತ, ಒಂಟಿತನ ಕೂಡ ಅದರಲ್ಲಿವೆ. ಒಬ್ಬನೇ ಕುಳಿತು ಉಣ್ಣುತ್ತಿದ್ದ ಮುತ್ಯಾ ಇದನ್ನು ಓದುವಾಗ ಕಣ್ಣ ಮುಂದೆ ಬಂದ.

ಹಾಗಂತ ಇಂಥ ಒಂದು ಪದಾರ್ಥ ತಿಂದರೆ ನೆನಪು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪರೀಕ್ಷೆ ಹತ್ತಿರ ಬಂದಾಗ ನೆನಪಿನ ಶಕ್ತಿಯ ಮಾತ್ರೆ, ಟಾನಿಕ್ ಕೊಳ್ಳುವ ಗೆಳೆಯರು ನನಗೂ ಇದ್ದಾರೆ. ಇಂಥ ಮಾತ್ರೆಗಳಲ್ಲಿ ಬಹಳ ಬಳಸುವ ಗಿಂಕೊ ಎಂಬ ಸಸ್ಯದ ಸಾರವನ್ನು ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಹಿರಿಯರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. ಡಿಮೆನ್ಷಿಯಾ ತಡೆಯಲು ಅದು ನೆರವಾಗಲಿಲ್ಲ ಎಂದು 2008ರಲ್ಲಿ ಫಲಿತಾಂಶ ಬಂತು. ಮೆದುಳಿಗೆಂದೇ ರೂಪಿಸಿದ ‘ಮೈಂಡ್’ ಆಹಾರಕ್ರಮವನ್ನು 65 ದಾಟಿದ ಸುಮಾರು 600 ಜನರ ಮೇಲೆ ಮೂರು ವರ್ಷ ಪ್ರಯೋಗಿಸಿದಾಗಲೂ ಸಾಮಾನ್ಯ ಊಟವನ್ನೇ ಮಿತಿಯಲ್ಲಿ ಉಂಡವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು 2023ರ ಮಾತು. ಆದರೆ ಫಿನ್ಲೆಂಡ್‌ನಲ್ಲಿ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡದ ಮೇಲೆ ನಿಗಾ ನಾಲ್ಕನ್ನೂ ಒಟ್ಟಿಗೆ ಮಾಡಿಸಿದಾಗ ಎರಡೇ ವರ್ಷಗಳಲ್ಲಿ ಹಿರಿಯರ ಬುದ್ಧಿಶಕ್ತಿ ಇತರರಿಗಿಂತ ಚೆನ್ನಾಗಿ ಉಳಿಯಿತು. ಊಟ ಒಂಟಿಯಾಗಿ ಪವಾಡ ಮಾಡುವುದಿಲ್ಲ. ಬೇರೆ ಒಳ್ಳೆಯ ಅಭ್ಯಾಸಗಳ ಜೊತೆಗೂಡಿದಾಗ, ಬೇಗ ಶುರು ಮಾಡಿದಾಗ ಅದರ ಬಲ ತಿಳಿಯುತ್ತದೆ.

ನಮ್ಮ ಅಡುಗೆಮನೆಯಲ್ಲೇ ಇದೆ

ಮೆದುಳಿಗೆ ಒಳ್ಳೆಯದು ಎಂದು ಹುಡುಕಿದರೆ ಬೆರಿ ಹಣ್ಣು, ಆಲಿವ್ ಎಣ್ಣೆ, ಸಾಲ್ಮನ್ ಮೀನಿನ ಚಿತ್ರಗಳೇ ಬರುತ್ತವೆ. ಕೊಡ್ಲಿಯ ಸಂತೆಯಲ್ಲಿ ಇವನ್ನು ಎಲ್ಲಿ ಹುಡುಕುವುದು? ಆದರೆ ಆ ಪಟ್ಟಿಗಳ ತಿರುಳು ಇಷ್ಟೇ: ಸೊಪ್ಪು ತರಕಾರಿ, ಇಡಿ ಧಾನ್ಯ, ಬೇಳೆಕಾಳು, ಎಣ್ಣೆಬೀಜ ಹೆಚ್ಚಿರಲಿ, ಕರಿದದ್ದು, ಸಿಹಿ, ಉಪ್ಪು ಕಡಿಮೆಯಿರಲಿ. ಈ ಮಾತನ್ನು ನಮ್ಮ ಕಡೆಗೆ ತಂದರೆ ಅದು ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಅಗಸಿ ಹಿಂಡಿ, ಮಜ್ಜಿಗೆ ಆಗುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ನಮ್ಮ ಹೊಲದ ಬೆಳೆ. ಅದರಲ್ಲಿ ಪ್ರೋಟೀನೂ ಇದೆ, ಮೆದುಳಿಗೆ ಬೇಕಾದ ಫೋಲೇಟ್ ಎಂಬ ಬಿ ವಿಟಮಿನ್ನೂ ಇದೆ.

ಅಗಸಿಯ ಬಗ್ಗೆ ಓದುವಾಗ ಆಯಿ ಬಹಳ ನೆನಪಾದಳು. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಇದೆ. ಇಡಿ ಕಾಳು ನುಂಗಿದರೆ ಅದು ಹಾಗೆಯೇ ಹೊರಗೆ ಹೋಗುವುದು ಹೆಚ್ಚು, ಪುಡಿ ಮಾಡಿದರೆ ಮಾತ್ರ ಮೈಗೆ ಹತ್ತುತ್ತದೆ. ಆಯಿ ಯಾವ ಲೇಖನವನ್ನೂ ಓದದೆ ಅಗಸಿ ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿ ಹಿಂಡಿ ಮಾಡುತ್ತಿದ್ದಳು. ಆದರೆ ಅಗಸಿಯ ಒಮೆಗಾ-3 ಮೆದುಳಿನಲ್ಲಿರುವ ರೂಪಕ್ಕೆ ಬದಲಾಗುವುದು ಸ್ವಲ್ಪವೇ. ಆ ರೂಪ ನೇರವಾಗಿ ಸಿಗುವುದು ಮೀನಿನಲ್ಲಿ. ತಿನ್ನುವವರು ವಾರಕ್ಕೊಮ್ಮೆಯಾದರೂ ಮೀನು ತಿನ್ನುವುದು ಒಳ್ಳೆಯದು.

ನಮ್ಮ ಊಟದಲ್ಲಿ ಕೊರತೆಯೂ ಇದೆ. ಬಿ-12 ರೊಟ್ಟಿ, ಬೇಳೆ, ಪಲ್ಯದಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಸಿಗುತ್ತದೆ. ಸಸ್ಯಾಹಾರಿ ಮನೆಯಲ್ಲಿ ಹಾಲು ಮೊಸರು ನಿಂತರೆ ಬಿ-12 ಕೂಡ ನಿಂತಂತೆ. ಎಮ್ಮೆ ಮಾರಿದ ದಿನ ಮುತ್ಯಾನ ತಾಟಿನಿಂದ ಏನು ಹೋಯಿತೆಂದು ನಮಗೆ ಗೊತ್ತೇ ಆಗಲಿಲ್ಲ. ವಯಸ್ಸಾದಂತೆ ಹೊಟ್ಟೆ ಅದನ್ನು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಆಗ ವೈದ್ಯರ ಸಲಹೆಯಂತೆ ಮಾತ್ರೆ ಅಥವಾ ಇಂಜೆಕ್ಷನ್ ಬೇಕಾಗುತ್ತದೆ.

ಎರಡನೆಯದು ಉಪ್ಪು. ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲದೆ ನಮ್ಮ ಊಟ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಚಹಾ ಚಮಚದಷ್ಟು. ಹಿಂಡಿ ಇರಲಿ, ಅದಕ್ಕೆ ಉಪ್ಪು ಕಡಿಮೆ ಬೀಳಲಿ.

ಇಪ್ಪತ್ತರಲ್ಲೇ ಯಾಕೆ ಈ ಮಾತು?

ಈಗ ನನ್ನ ತಾಟಿನ ವಿಷಯ. ಹಾಸ್ಟೆಲ್‌ನಲ್ಲಿ ಎದ್ದಾಗಲೇ ತಡ, ತಿಂಡಿ ಇಲ್ಲ. ಹನ್ನೊಂದಕ್ಕೆ ಚಹಾ, ಸಮೋಸ. ರಾತ್ರಿ ಬಂಡಿಯ ಗೋಬಿ ಅಥವಾ ಎಗ್ ರೈಸ್. ಪರೀಕ್ಷೆಯ ಹಿಂದಿನ ರಾತ್ರಿ ಚಿಪ್ಸ್, ತಂಪು ಪಾನೀಯ, ಮುಂಜಾನೆ ನಾಲ್ಕರವರೆಗೆ ಎಚ್ಚರ. ಮುತ್ಯಾನ ಚಹಾ ಖಾರಿಗೂ ನನ್ನ ಚಹಾ ಸಮೋಸಕ್ಕೂ ಎಷ್ಟು ಫರಕು ಅದ? ಅವನಿಗೆ ಹಲ್ಲು ಇರಲಿಲ್ಲ, ಎಮ್ಮೆ ಇರಲಿಲ್ಲ, ಆಯಿ ಇರಲಿಲ್ಲ. ನನಗೆ ಯಾವ ನೆಪವಿದೆ?

ಕೆಲಸ ಹುಡುಕುತ್ತಾ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಣ್ಣ ಅಕ್ಕಂದಿರ ಸ್ಥಿತಿಯೂ ಇದೇ. ದುಡ್ಡು ಉಳಿಸಲು ಮೊದಲು ಬಿಡುವುದು ಒಂದು ಹೊತ್ತಿನ ಊಟ. ಅದರ ಬದಲು ಸಂಜೆಯ ಗೋಬಿ ಬಿಟ್ಟರೆ ಅದೇ ದುಡ್ಡಿಗೆ ಶೇಂಗಾ, ಬಾಳೆಹಣ್ಣು, ಮೊಸರು ಬರುತ್ತದೆ. ಹುಡುಗಿಯರು ರಕ್ತಹೀನತೆಯ ಬಗ್ಗೆಯೂ ಗಮನ ಕೊಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶ ಕಡಿಮೆಯಾದರೆ ಸುಸ್ತು ಬರುತ್ತದೆ, ಓದಿದ್ದರ ಮೇಲೆ ಗಮನ ನಿಲ್ಲುವುದಿಲ್ಲ. ಸೊಪ್ಪು, ಕಾಳಿನ ಜೊತೆ ಲಿಂಬೆ ಹಿಂಡಿಕೊಳ್ಳಿ, ಊಟದ ಜೊತೆಗೇ ಚಹಾ ಕುಡಿಯಬೇಡಿ. ಆಗ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಇನ್ನು, ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿಯ ಓದಿಗಿಂತ ರಾತ್ರಿಯ ನಿದ್ದೆ ದೊಡ್ಡದು ಎಂಬುದನ್ನು ನಾನು ಎರಡು ಬ್ಯಾಕ್‌ಲಾಗ್ ಕೊಟ್ಟು ಕಲಿತೆ.

ಈಗ ನನ್ನ ನಿಯಮ ಸಣ್ಣದು. ಮೆಸ್ ತಿಂಡಿ ಬಿಡುವುದಿಲ್ಲ. ಊರಿಂದ ರೊಟ್ಟಿ, ಹಿಂಡಿ ಡಬ್ಬಿ ತರುತ್ತೇನೆ. ಒಣ ರೊಟ್ಟಿ ವಾರ ಇಟ್ಟರೂ ಕೆಡುವುದಿಲ್ಲ. ದಿನಾ ಒಂದು ಬಟ್ಟಲು ಮೊಸರು. ಚಹಾ ಎರಡೇ. ಶನಿವಾರ ಬೇಕರಿಯ ಬದಲು ಹಣ್ಣಿನ ಬಂಡಿ.

ಮನೆಯಲ್ಲೂ ಬದಲಾಗಿದೆ. ರೊಟ್ಟಿ ಅಗಿಯಲಾಗದ ಮುತ್ಯಾನಿಗೆ ಅವ್ವ ಜೋಳದ ನುಚ್ಚು ಮಾಡಿ ಮಜ್ಜಿಗೆ ಕಲಸಿ ಕೊಡುತ್ತಾಳೆ. ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಸಿದರೆ ಅದೂ ಇಳಿಯುತ್ತದೆ. ಬಿ-12 ಇಂಜೆಕ್ಷನ್, ರಕ್ತದೊತ್ತಡದ ಗುಳಿಗೆ ತಪ್ಪುವುದಿಲ್ಲ. ರಾತ್ರಿ ಎಲ್ಲರೂ ಅವನ ಜೊತೆಗೇ ಕುಳಿತು ಉಣ್ಣುತ್ತೇವೆ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ವೈದ್ಯರು ಮೊದಲೇ ಹೇಳಿದ್ದರು, ಹೋದದ್ದರಲ್ಲಿ ಸ್ವಲ್ಪ ಬರುತ್ತದೆ, ಸ್ವಲ್ಪ ಬರುವುದಿಲ್ಲ. ಒಮ್ಮೊಮ್ಮೆ ಇವತ್ತಿಗೂ ಪರೀಕ್ಷೆಯ ದಿನ ಎರಡು ಸಲ ಕೇಳುತ್ತಾನೆ. ಎರಡು ಸಲವೂ ಹೇಳುತ್ತೇನೆ. ಆದರೆ ಈ ಸಲದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಸಜ್ಜಿ ಕಡುಬು ಉಣ್ಣುವಾಗ ಭಜ್ಜಿಗೆ ಏನೇನು ಬಿದ್ದಿದೆ ಎಂದು ಅವನೇ ಬೆರಳು ಮಡಚಿ ಎಣಿಸಿದ. ಅವರೆ, ತೊಗರಿ, ಬಟಾಣಿ, ಕಡಲೆ, ಮೆಂತ್ಯ, ಗಜ್ಜರಿ... ‘ಈ ಸಲ ಹುಣಸೆ ಕಡಿಮಿ ಆಗ್ಯಾದ’ ಎಂದು ಅವ್ವನಿಗೆ ತಪ್ಪನ್ನೂ ತೋರಿಸಿದ. ಚರಗ ಚೆಲ್ಲಿ ಬರುವಾಗ ಮನೆಯ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದವನು ಅವನೇ.

ಗೆಳೆಯರೇ, ಊರಿಗೆ ಫೋನ್ ಮಾಡಿದಾಗ ‘ಉಂಡ್ಯಾ?’ ಎಂದು ನಾವೆಲ್ಲ ಕೇಳುತ್ತೇವೆ. ‘ಹೂಂ’ ಎಂಬ ಉತ್ತರಕ್ಕೆ ಸಮಾಧಾನಪಟ್ಟು ಫೋನ್ ಇಡುತ್ತೇವೆ. ಇನ್ನು ಮೇಲೆ ‘ಏನು ಉಂಡಿ?’ ಎಂದು ಕೇಳಿ. ಅದೇ ಪ್ರಶ್ನೆಯನ್ನು ರಾತ್ರಿ ಮಲಗುವ ಮೊದಲು ನಿಮಗೂ ಕೇಳಿಕೊಳ್ಳಿ.